ನಡುಗೋಡೆ

ಮುದ್ದೇಬಿಹಾಳದಿಂದ ಬಂದ ಎಂಜಿನಿಯರ್ ಸಾಹೇಬರು ಸೀಮೆಸುಣ್ಣ ಹಿಡಿದು ನಡುಗೋಡೆಯತ್ತ ತಿರುಗುತ್ತಲೇ ಇಂದ್ರಾಬಾಯಿ ಓಡಿಹೋಗಿ ಅಲ್ಲಿ ತೂಗುಹಾಕಿದ್ದ ಕ್ಯಾಲೆಂಡರಿಗೆ ಬೆನ್ನು ಕೊಟ್ಟು ನಿಂತಳು. ಉಳಿದ ಮೂರು ಗೋಡೆಗಳ ಬಿರುಕುಗಳನ್ನು ಅವಳೇ ಬೆರಳಿಟ್ಟು ತೋರಿಸಿ ಗುರುತು ಹಾಕಿಸಿದ್ದಳು.

“ಸ್ವಲ್ಪ ಸರದ ನಿಲ್ರಿ, ಅಕ್ಕಾರ. ನಡುಗೋಡಿ ಸೀಳಿತ್ತಂದ್ರ ಸರ್ಕಾರ ಪೂರಾ ಮನೀನ ರಿಪೇರಿ ಮಾಡಿಕೊಡ್ತೈತಿ. ಇಲ್ಲಂದ್ರ ಬರೇ ನಾಕು ಚೀಲ ಸಿಮೆಂಟ್.”

“ಇದಕ್ಕೇನೂ ಆಗಿಲ್ರಿ, ಸಾಹೇಬ್ರ. ನಾಕು ಚೀಲ ಸಾಕ್ರಿ ನನಗ.”

ಹೊಳೆದಂಡೆಯ ಊರು ಮುಳುಗಿದ ಮೇಲೆ ಈ ಪುನರ್ವಸತಿ ಕೇಂದ್ರದಲ್ಲಿ ಎರಡೆರಡು ಮನೆಗೆ ಒಂದೇ ನಡುಗೋಡೆಯಿಟ್ಟು ಕಟ್ಟಿದ್ದರು. ಬುನಾದಿಯಡಿಯ ಎರೆಮಣ್ಣು ಬಿರಿದು ಎರಡೇ ಬೇಸಿಗೆಗೆ ಗೋಡೆಗಳನ್ನೆಲ್ಲ ಸೀಳಿಹಾಕಿತ್ತು. ಮನೆಗಳನ್ನು ಚೀಟಿ ಎತ್ತಿ ಹಂಚಿದ್ದರಿಂದ ಅವಳ ಹಳೆಯ ಓಣಿಯವರು ದಿಕ್ಕಿಗೊಬ್ಬರಂತೆ ಚದುರಿಹೋಗಿದ್ದರು. ಮನೆಯಲ್ಲಿ ಮಾತಿಗೆ ಇನ್ನೊಂದು ಜೀವವಿರಲಿಲ್ಲ. ಪಕ್ಕದ ಮನೆಯವರಂತೂ ನೀರಿಗೆಂದು ಬೋರಿಂಗಿನ ಹತ್ತಿರ ಎದುರಾದರೂ ತುಟಿ ಬಿಚ್ಚುತ್ತಿರಲಿಲ್ಲ.

ಸಾಹೇಬರು ಕ್ಯಾಲೆಂಡರನ್ನೇ ನೋಡುತ್ತಿದ್ದರು. ಹೊರಗೆ ಗಾಳಿ ಇಲ್ಲದಿದ್ದರೂ ಅದರ ಕೆಳತುದಿ ಅವಳ ಸೆರಗಿನ ಪಕ್ಕದಲ್ಲಿ ಮೆಲ್ಲಗೆ ಏಳುತ್ತ ಬೀಳುತ್ತ ಇತ್ತು. ಅದರ ಹಿಂದಿನ ಬೆರಳಗಲದ ಸೀಳಿನಾಚೆ ತಾಟು ಇಟ್ಟ ಸದ್ದಾಯಿತು. ಆ ಮನೆಯ ಅತ್ತೆ ದಿನವೂ ಈ ಹೊತ್ತಿಗೆ ಕೇಳುವಂತೆ ತನ್ನ ಸೊಸೆಯನ್ನು ಕೇಳಿದಳು:

“ಉಂಡೇನವ್ವಾ?”

ಸೊಸೆ ಬಾಯಿ ತೆರೆಯುವ ಮುಂಚೆಯೇ, ಸಾಹೇಬರು ಎದುರಿಗಿರುವುದನ್ನೂ ಮರೆತು, ಇಂದ್ರಾಬಾಯಿ ರೂಢಿಯಂತೆ ಗೋಡೆಯತ್ತ ಮುಖ ತಿರುಗಿಸಿ ಪಿಸುಗುಟ್ಟಿದಳು:

“ಹೂಂ ಅತ್ತಿ, ಉಂಡೆ.”