ಅತ್ತೆಯ ಪುಟ

“ಹುಡುಗಿ ಬೇಡ. ಅಲ್ಲಿ ಕೂತಿದ್ದಾರಲ್ಲ, ಅವರು ಬರಲಿ,” ಎಂದ ಫೋಟೋಗ್ರಾಫರ್ ರಘುನಾಥ, ಹಿಂದಿಯಲ್ಲಿ.

ಕಮಲಾದೇವಿಗೆ ಮೊದಲು ಅರ್ಥವಾಗಲಿಲ್ಲ. ಕಾಶಿಯ ವಿಶ್ವನಾಥ ಗಲ್ಲಿಯ ಆ ಸೀರೆ ಅಂಗಡಿಯ ಮಹಡಿಯಲ್ಲಿ, ಗೋಡೆಗೊರಗಿ, ಮಗಳ ಚೀಲ ತೊಡೆಯ ಮೇಲಿಟ್ಟುಕೊಂಡು ಅವಳು ತೂಕಡಿಸುತ್ತಿದ್ದಳು. ಚಳಿಗಾಲ ಕಳೆದಾಗಿನಿಂದ ಇದೇ ಆಗಿತ್ತು. ಸೀರೆ ಕ್ಯಾಟಲಾಗಿಗೆ ಮಾಡೆಲ್ ಆಗಬೇಕೆಂದು ತನ್ನ ಫೋಟೋ ಹಿಡಿದು ಅಂಗಡಿಯಿಂದ ಅಂಗಡಿಗೆ ಮಗಳು ಅಕ್ಷರಾ ಮುಂದೆ, ಅವಳು ಹಿಂದೆ. ಮಠದಲ್ಲಿ ಪೂಜೆಗಿದ್ದ ಗಂಡ ಪ್ರಭುಲಿಂಗಯ್ಯನಿಗೆ ಹೊಲಿಗೆ ಕ್ಲಾಸೆಂಬ ಸುಳ್ಳು. ಇವತ್ತೂ ಆಗದಿದ್ದರೆ ಸೊಲ್ಲಾಪುರದ ಸಂಬಂಧಕ್ಕೆ ಹೂಂ ಅನ್ನುತ್ತೇನೆಂದು ಮಗಳೇ ಮಾತು ಕೊಟ್ಟಿದ್ದಳು. ಹೌದೋ ಅಲ್ಲವೋ, ಅಂಗಡಿಯವರು ಬೇಗ ಹೇಳಿಬಿಡಲಿ ಎನ್ನುವಷ್ಟು ಕಮಲಾದೇವಿ ದಣಿದಿದ್ದಳು.

ದೀಪಗಳ ಬಿಸಿಯಲ್ಲಿ, ಗುಲಾಬಿ ಸೀರೆಯುಟ್ಟು ನಿಂತಿದ್ದ ಅಕ್ಷರಾಳ ಮುಖದಲ್ಲಿ ಪೌಡರು ಕರಗುತ್ತಿತ್ತು. ರಘುನಾಥ ಒರಟನೇನಲ್ಲ. “ಮುಖ ಚೆನ್ನಾಗಿದೆ ತಂಗಿ. ಆದರೆ ಕ್ಯಾಮೆರಾ ಕಂಡ ಕೂಡಲೇ ಕಲ್ಲಾಗ್ತೀಯ. ಹುಡುಗಿಯರ ಪುಟಗಳಿಗೆ ದಿಲ್ಲಿಯಿಂದಲೇ ಯಾರನ್ನಾದರೂ ಕರೆಸ್ತೀವಿ,” ಎಂದ. ಗಾದಿಯ ಮೇಲೆ ಕೂತಿದ್ದ ಅಂಗಡಿಯ ಮಾಲೀಕ ಸೇಠ್ ಪಾನ್ ತುಂಬಿದ ಬಾಯಲ್ಲೇ ಕಮಲಾದೇವಿಯ ಕಡೆ ತಿರುಗಿದ. “ಕ್ಯಾಟಲಾಗು ದಕ್ಷಿಣದ ಅಂಗಡಿಗಳಿಗೆ ಹೋಗತ್ತೆ, ಬಹನ್‌ಜಿ. ಅತ್ತೆಯಂದಿರು ಉಡೋ ಸೀರೆಗೆ ನಿಮ್ಮಂಥ ಮುಖ ಸಿಕ್ಕಿರಲಿಲ್ಲ. ಹೇಗಿದ್ದೀರೋ ಹಾಗೇ ನಿಂತರೆ ಸಾಕು.”

“ನಡಿ, ಮನಿಗೆ ಹೋಗೂಣು,” ಎಂದು ಕಮಲಾದೇವಿ ಎದ್ದುಬಿಟ್ಟಳು.

ಅಕ್ಷರಾ ಕದಲಲಿಲ್ಲ. “ನಿಂದ್ರವ್ವಾ. ಅವರು ಕೇಳಾಕತ್ತಾರಲ್ಲ.”

“ನನಗ್ಯಾಕವ್ವಾ ಈ ವಯಸ್ಸಿನಾಗ? ನಾನೇನು ಕೇಳಿದ್ನೇನು?”

“ಇಷ್ಟು ದಿನ ನನ್ನ ಸಲುವಾಗಿ ಬಿಸಿಲಾಗ ತಿರುಗೀದಿ. ಒಬ್ಬರದಾದ್ರೂ ಆಗಲಿ.” ಅಷ್ಟು ಹೇಳಿ ಅವಳು ಸೇಠ್‌ನ ಕಡೆ ತಿರುಗಿ ಹಿಂದಿಯಲ್ಲಿ, “ಅಮ್ಮ ನಿಲ್ತಾರೆ. ಸೀರೆ ಕೊಡಿ,” ಎಂದಳು. ದನಿ ಎಷ್ಟು ಸಲೀಸಾಗಿತ್ತೆಂದರೆ, ಕಮಲಾದೇವಿ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟಳು.

ಪರದೆಯ ಹಿಂದೆ ಮಗಳೇ ಸೀರೆ ಉಡಿಸಿದಳು, ನೆರಿಗೆ ಹಿಡಿದಳು, ಬೆನ್ನಿಗೆ ಪಿನ್ನು ಚುಚ್ಚಿದಳು. ಹೊರಗೆ ಬಂದಮೇಲೆ ಕ್ಯಾಮೆರಾದ ಪಕ್ಕದಲ್ಲೇ ನಿಂತು ಹೇಳಿಕೊಟ್ಟಳು. “ಹೆಗಲು ಇಳಸು. ಉಸಿರು ಬಿಡು, ಆಮ್ಯಾಲೆ ನೋಡು. ಹಲ್ಲು ಕಾಣಬಾರ್ದು.” ತನಗೆ ಒಲಿಯದ ವಿದ್ಯೆಯನ್ನು ಒಂದಿಷ್ಟೂ ಉಳಿಸಿಕೊಳ್ಳದೆ ತಾಯಿಗೆ ಕೊಡುತ್ತಿದ್ದಳು. ರಘುನಾಥ ಖುಷಿಯಿಂದ ಒಂದರ ಮೇಲೊಂದು ಚಿತ್ರ ತೆಗೆದ.

ನೇರಳೆ ಬಣ್ಣದ, ತೆಳು ಜರಿಯ ಸೀರೆ ಉಟ್ಟಾಗ ಕಮಲಾದೇವಿ ಅಂಗಡಿಯ ಉದ್ದ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡಳು. ಕಾಶಿಗೆ ಬಂದಮೇಲೆ ಯಾರೂ ಅವಳನ್ನು ಹೀಗೆ ನಿಲ್ಲಿಸಿ ನೋಡಿರಲಿಲ್ಲ. ಅವಳೂ ನೋಡಿಕೊಂಡಿರಲಿಲ್ಲ. ಒಳಗೆಲ್ಲೋ ಸಣ್ಣದೊಂದು ಹಿಗ್ಗು ಎದ್ದಿತು. ಮರುಕ್ಷಣವೇ ಕನ್ನಡಿಯಲ್ಲಿ, ತನ್ನ ಹೆಗಲಿನಾಚೆ, ಕಳಚಿದ ಸೀರೆಗಳನ್ನು ಮಡಿಚುತ್ತ ಕೂತ ಮಗಳು ಕಂಡಳು. ಹಿಗ್ಗಿದ್ದಕ್ಕೇ ನಾಚಿಕೆಯಾಗಿ ಕಮಲಾದೇವಿ ಮುಖ ತಿರುಗಿಸಿದಳು.

ಮಧ್ಯಾಹ್ನ ಕರೆಂಟು ಹೋಯಿತು. ಜನರೇಟರಿನ ಹೊಗೆ ಮೆಟ್ಟಿಲು ಹತ್ತಿ ಬಂದು ಗಂಟಲು ಕೆರೆಯಿತು. ಮಣ್ಣಿನ ಕುಲ್ಹಡ್‌ನಲ್ಲಿ ಚಹಾ ಬಂದರೂ ಸೀರೆಗೆ ಕಲೆಯಾದೀತೆಂದು ಅವಳಿಗೆ ಕೊಡಲಿಲ್ಲ. ಕೂತರೆ ನೆರಿಗೆ ಕೆಡುತ್ತದೆಂದು ಕೂರಲೂ ಬಿಡಲಿಲ್ಲ. ಇನ್ನೇನು ಮುಗಿಯಿತು ಅನ್ನುವಾಗ ಸೇಠ್ ಅಂಗಡಿಯ ಅತಿ ಭಾರದ ಮದುವೆ ಸೀರೆಯನ್ನು ಬಿಚ್ಚಿ ಹರವಿದ. ಕೆಂಪು ಸೆರಗಿನ ತುಂಬ ಜರಿ.

“ಕಡೇದೊಂದು. ಸೊಸೆ ಅತ್ತೆಯ ಕಾಲಿಗೆ ಬೀಳೋದು,” ಎಂದ ರಘುನಾಥ. “ಸೊಸೆಯ ಬೆನ್ನು ಸಾಕು. ಸೆರಗಿನ ಕೆಲಸ ಕಾಣಬೇಕು, ಅಷ್ಟೆ. ತಂಗಿ, ನೀನೇ ಉಟ್ಕೋತೀಯಾ?”

“ಆಕಿ ಬ್ಯಾಡ,” ಎಂದು ಕಮಲಾದೇವಿ ಕನ್ನಡದಲ್ಲೇ ಅಂದಳು. ಅದು ಅಲ್ಲಿದ್ದ ಗಂಡಸರಿಬ್ಬರಿಗೂ ತಿಳಿಯಲಿಲ್ಲ. ತಿಳಿಯಬೇಕಾದವಳು ಆಗಲೇ ಸೀರೆ ಎತ್ತಿಕೊಂಡು ಪರದೆಯ ಹಿಂದೆ ಹೋಗಿದ್ದಳು.

ತಲೆಯ ಮೇಲೆ ಸೆರಗೆಳೆದುಕೊಂಡು ಬಂದ ಅಕ್ಷರಾ ಬಾಗಿ ಕೂತು ತಾಯಿಯ ಪಾದಗಳ ಮೇಲೆ ಹಣೆಯಿಟ್ಟಳು. ಸೇಠ್ ಬಂದು ಅವಳ ಬೆನ್ನ ಮೇಲೆ ಸೆರಗನ್ನು ನೀಟಾಗಿ ಹರಡಿದ. “ಆಂಟಿಜಿ, ಕೆಳಗೆ ನೋಡಬೇಡಿ. ಇತ್ತ ನೋಡಿ, ನಗಿ,” ಎಂದ ರಘುನಾಥ. ಮಗಳು ಬೆಳಗಿನಿಂದ ಹೇಳಿಕೊಟ್ಟ ಹಾಗೆ ಕಮಲಾದೇವಿ ಉಸಿರು ಬಿಟ್ಟು, ಹಲ್ಲು ಕಾಣದಂತೆ ನಕ್ಕಳು. ಬೆಳಕು ಫಳಕ್ಕೆಂದಿತು.

“ಬಸ್, ಹೋ ಗಯಾ!”

ದೀಪಗಳು ಆರಿದವು. ಸೇಠ್ ಸೀರೆಗಳನ್ನು ಒಳಗಿಡಿಸಲು ಹೋದ. ಅಕ್ಷರಾ ಮಾತ್ರ ಏಳಲಿಲ್ಲ.

“ಮುಗೀತಂತ, ಏಳವ್ವಾ,” ಎಂದಳು ಕಮಲಾದೇವಿ, ಮೆಲ್ಲಗೆ.

ಕೆಂಪು ಸೆರಗಿನೊಳಗಿಂದ ದನಿ ಬಂತು.

“ಸ್ವಲ್ಪ ಹಿಂಗಽ ಇರ್ತೀನವ್ವಾ. ಇಲ್ಲಿ ಯಾರಿಗೂ ನನ್ನ ಮುಖ ಕಾಣಂಗಿಲ್ಲ.”