ಗೆರೆಗೆ ತಾಗಿಸಿದ ಸ್ಕೇಲು

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಮಗಳು ಪೆನ್ನು ತೆರೆದಳು. ಕಿಡ್ನಿ ಸೋಸದೆ ಬಿಟ್ಟ ಕಲ್ಮಶ ಅಪ್ಪನ ರಕ್ತದಲ್ಲಿ ಐದನೆಯ ದಿನವೂ ಏರಿತ್ತು. ಇಂದೇ ಡಯಾಲಿಸಿಸ್ ಮಾಡೋಣವೆಂದಿದ್ದರು ಡಾಕ್ಟರು.

“ಒಂದ್ನಿಮಿಷ ಡಾಕ್ಟ್ರೇ,” ಎಂದರು ವಾರ್ಡಿನ ಹಿರಿಯ ನರ್ಸು. ದಿನದಿನದ ಅಂಕಿಗಳನ್ನು ಅವರು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಚುಕ್ಕೆಯಿಟ್ಟು ಗೆರೆಯಾಗಿ ಎಳೆದಿಟ್ಟಿದ್ದರು. ಗೆರೆಗೆ ತಾಗಿಸಿ ಸ್ಕೇಲು ಸರಿಸಿದರು. ಮೊದಲ ದಿನದ ಚುಕ್ಕೆಯಲ್ಲಿ ಕಡಿದಾಗಿ ನಿಂತ ಸ್ಕೇಲು ಬರಬರುತ್ತ ಒರಗತೊಡಗಿತು. “ಏರ್ತಿದೆ, ನಿಜ. ಆದ್ರೆ ಏರೋ ವೇಗ ದಿನಾ ಕಮ್ಮಿಯಾಗ್ತಿದೆ.”

ಡಾಕ್ಟರು ಬಗ್ಗಿ ನೋಡಿದರು. “ಅಲ್ರೀ ಸಿಸ್ಟರ್, ಏರಿಳಿತದ ವೇಗ ಲೆಕ್ಕ ಹಾಕೋ ಕ್ಯಾಲ್ಕುಲಸ್ಸನ್ನ ನಾನು ಪರೀಕ್ಷೆ ಮುಗಿದ ದಿನವೇ ಮರೆತೆ. ನೀವು ಕಾಪಾಡಿಕೊಂಡಿದ್ದೀರಲ್ಲ! ಕಿಡ್ನಿ ಚೇತರಿಸಿಕೊಳ್ತಿರೋ ಹಾಗಿದೆ. ನಾಳೆವರೆಗೂ ಕಾಯೋಣ.”

ಮಗಳಿಗೆ ನಂಬಿಕೆ ಬರಲಿಲ್ಲ. ನರ್ಸು ಸ್ಕೇಲನ್ನು ಅವಳ ಕೈಗೇ ಕೊಟ್ಟರು. ಇಂದಿನ ಚುಕ್ಕೆಯ ಮೇಲೆ ಅವಳೇ ಅದನ್ನು ಗೆರೆಗೆ ತಾಗಿಸಿ ಇಟ್ಟಳು. ಅದು ಹೆಚ್ಚುಕಡಿಮೆ ಅಡ್ಡಡ್ಡ ಮಲಗಿತು.