ಕೊನೆಯ ಪದರದ ಇದ್ದಿಲು

"ನೀಲಗಿರಿ," ಅಂದಳು ಅಕ್ಕ, ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ. ತಟ್ಟೆಯಿಂದ ಇನ್ನೊಂದು ಇದ್ದಿಲಿನ ಚೂರು ಎತ್ತಿಕೊಂಡು ಬೆರಳ ತುದಿಯಲ್ಲಿ ಲಟಕ್ಕನೆ ಮುರಿದಳು. ಆಗಷ್ಟೇ ಒಡೆದ ಮುಖವನ್ನು ಬೆಳಕಿಗೆ ಇಟ್ಟು ನೋಡಿದಳು. "ಇದೂ ನೀಲಗಿರಿ. ಬಾರೋ ಇಲ್ಲಿ, ನೀನೇ ನೋಡು."

ತಮ್ಮ ಬಾಗಿಲ ಬಳಿಯೇ ನಿಂತಿದ್ದ. ಮಣ್ಣಿನಡಿ ಹೂತುಹೋದ ಊರುಗಳನ್ನು ಅಗೆದು ತೆಗೆಯುವುದು ಅವನ ಕೆಲಸ. ಅವನು ಕಳಿಸಿದ ಇದ್ದಿಲನ್ನು ಮುರಿದು ನೋಡಿ, ಅದು ಯಾವ ಮರ, ಆ ಕಾಲಕ್ಕೆ ಸುತ್ತಮುತ್ತ ಎಂಥ ಕಾಡಿತ್ತು ಎಂದು ಹೇಳುವುದು ಅವಳ ಕೆಲಸ. ಹೆತ್ತ ಎರಡರಲ್ಲಿ ಒಂದು ಮಣ್ಣು ಹಿಡಿಯಿತು, ಇನ್ನೊಂದು ಮಸಿ ಹಿಡಿಯಿತು ಎಂದು ಅಮ್ಮ ಬಂದವರ ಮುಂದೆಲ್ಲ ಹಣೆ ಚಚ್ಚಿಕೊಳ್ಳುತ್ತಿದ್ದಳು. ಅವನು ಬಂದು ಬಗ್ಗಿ ನೋಡಿದ. ಕಪ್ಪು ಹೊಳಪಿನ ನಡುವೆ ಸಣ್ಣ ಸಣ್ಣ ತೂತುಗಳು, ಒಂದಕ್ಕೊಂದು ತಾಗದೆ, ಓರೆಯಾಗಿ ಸಾಲುಗಟ್ಟಿದ್ದವು.

"ಚೆನ್ನಾಗಿ ಕಾಣ್ತಿದೆ," ಅಂದ.

"ಚೆನ್ನಾಗಿ ಕಾಣ್ದೆ ಏನು ಬಂತು? ನಮ್ಮ ಮುತ್ತಜ್ಜನ ಕಾಲದಲ್ಲಿ ಹಡಗು ಹತ್ತಿ ಈ ಕಡೆ ಬಂದ ಮರ ಕಣೋ ಇದು. ಮೂರು ಸಾವಿರ ವರ್ಷದ ಹಿಂದಿನ ಒಲೆಯೊಳಗೆ ಹೇಗೆ ಹೋಗಿ ಕೂತ್ಕೊಳ್ತು? ಈಜ್ಕೊಂಡು ಬಂತಾ?"

ತಮ್ಮ ಮಾತಾಡಲಿಲ್ಲ. ಅವನ ಈ ಮೌನ ಅವಳಿಗೆ ಹೊಸದಲ್ಲ. ಏನೂ ಗೊತ್ತಿಲ್ಲದಾಗ ಅವನು ಬಾಯಿಗೆ ಬಂದದ್ದು ಹೇಳುತ್ತಿದ್ದ. ಗೊತ್ತಿದ್ದಾಗಲೇ ಹೀಗೆ ಕಲ್ಲಾಗುತ್ತಿದ್ದದ್ದು. ಅಕ್ಕ ಅವನು ಕಳಿಸಿದ ಡಬ್ಬಿಯ ಮೇಲಿನ ಚೀಟಿಯನ್ನು ಮತ್ತೊಮ್ಮೆ ಓದಿದಳು: ಕೊನೆಯ ಪದರ, ಒಲೆ. ತಮ್ಮ ಅಗೆದ, ಒಂದು ಕಾಲಕ್ಕೆ ಗಿಜಿಗುಟ್ಟುತ್ತಿದ್ದ ಆ ಊರನ್ನು ಜನ ಇದ್ದಕ್ಕಿದ್ದಂತೆ ಬಿಟ್ಟು ಹೋಗಿದ್ದರು. ತಳದ ಪದರಗಳ ಇದ್ದಿಲಿನಲ್ಲಿ ಹೊಳೆಯಂಚಿನ ದೊಡ್ಡ ಮರಗಳಿದ್ದವು, ಮೇಲೆ ಬಂದಂತೆಲ್ಲ ಮುಳ್ಳುಕಂಟಿ ಹೆಚ್ಚಾಗುತ್ತಿತ್ತು. ಹಾಗಾದರೆ ಕೊನೆಗೆ ಕಾಡೇ ತೀರಿಹೋಗಿ, ಒಲೆಗಿಡಲು ಕಡ್ಡಿಯೂ ಇಲ್ಲದೆ ಎದ್ದು ಹೋದರೋ? ಅಥವಾ ಇನ್ನೂ ಎಲ್ಲ ಇರುವಾಗಲೇ ಹೋದರೋ? ಹೇಳಬೇಕಾದದ್ದು ಎಲ್ಲಕ್ಕೂ ಮೇಲಿನ, ಕೊನೆಯ ಪದರ. ಅದರಲ್ಲಿ ಸಿಕ್ಕಿದ್ದು ಒಂದೇ ಒಂದು ಒಲೆ. ಅಗೆದ ಜಾಗದ ಮೇಲೆ ಈಗ ಹೆದ್ದಾರಿ ಹೋಗಿದೆ. ವರ್ಷಗಟ್ಟಲೆ ಬರೆದ ಅವಳ ಪುಸ್ತಕ ಕೊನೆಯ ಅಧ್ಯಾಯದಲ್ಲಿ ನಿಂತು, ಈ ಡಬ್ಬಿಯ ದಾರಿ ಕಾಯುತ್ತಿತ್ತು.

"ಟೀ," ಅಂದ ತಮ್ಮ ಕೊನೆಗೂ.

"ಏನು?"

"ಟೀ ಕಾಯಿಸಿದ್ವಿ. ಒಲೆ ಮೇಲಿನ ಮಣ್ಣೆಲ್ಲ ಬಿಡಿಸಿ ಆಗಿತ್ತು. ಇದ್ದಿಲು ನಾಳೆ ಎತ್ತೋಣ ಅಂತ ಬಿಟ್ಟಿದ್ದೆ. ಬೆಳಗ್ಗೆ ಎದ್ರೆ ಹಾಳು ಚಳಿ ಅಕ್ಕ, ಕೈಲಿ ಕರಣೆ ನಿಲ್ತಿರ್ಲಿಲ್ಲ. ಪಕ್ಕದ ನೀಲಗಿರಿ ತೋಪಿಂದ ಒಂದಿಷ್ಟು ಪುಳ್ಳೆ ತಂದು..."

"ಒಲೆಯೊಳಗೆ ಮೊದಲೇ ಇದ್ದ ಇದ್ದಿಲು?"

ಅವನು ಕಿವಿಯ ಹಿಂದೆ ಕೆರೆದುಕೊಂಡ. "ಅದೂ ಹತ್ಕೊಳ್ತು. ಒಳ್ಳೆ ಕೆಂಡ ಆಯ್ತು."

"ಒಳ್ಳೆ ಕೆಂಡ ಆಯ್ತಾ! ಮೂರು ಸಾವಿರ ವರ್ಷ ಕಾದು ಕೂತಿದ್ದದ್ದನ್ನ ಸುಟ್ಟು ಟೀ ಕುಡಿದ್ರಿ. ಸಕ್ಕರೆ ಸರಿಯಾಗಿತ್ತಾ?"

"ಸಕ್ಕರೆ ಖಾಲಿಯಾಗಿತ್ತು," ಅಂದ ತಮ್ಮ, ಕೇಳಿದ್ದಕ್ಕೆ ಉತ್ತರ ಕೊಡಬೇಕೆಂಬ ಪ್ರಾಮಾಣಿಕತೆಯಿಂದ. "ತಳದಲ್ಲಿ ಸ್ವಲ್ಪ ಹಳೇದು ಉಳ್ದಿರುತ್ತೆ ಅಂದ್ಕೊಂಡೆ. ಅದಕ್ಕೇ ಹೇಳ್ಲಿಲ್ಲ."

ಉಳಿದಿರಲಿಲ್ಲ. ಚೂರು ಚೂರನ್ನೂ ಅವಳು ಮುರಿದು ನೋಡಿದ್ದಳು. ಹೊರಟು ಹೋದವರು ಒಂದೇ ಒಂದು ಮಾತು ಬಿಟ್ಟು ಹೋಗಿದ್ದರು. ಅದನ್ನು ಇವನು, ಅವಳ ಒಡಹುಟ್ಟಿದವನು, ಊದಿ ಊದಿ ಉರಿಸಿದ್ದ. ಅವಳು ತಟ್ಟೆ ಎತ್ತಿಕೊಂಡು ಕಸದ ಬುಟ್ಟಿಯ ಕಡೆ ನಡೆದಳು.

"ಇಡೀ ಬಯಲು ಬಿದ್ದಿತ್ತಲ್ಲೋ! ಅಲ್ಲೇ ಹೋಗಿ ಯಾಕೆ ಹಚ್ಬೇಕಿತ್ತು?"

"ಬೇರೆ ಕಡೆ ಹಚ್ಚಿ ನೋಡಿದ್ವಿ ಅಕ್ಕ, ಆಣೆಗೂ. ಗುಡಾರದ ಹಿಂದೆ, ಗುಂಡಿ ಒಳಗೆ, ಜೀಪಿನ ಮರೆಗೆ. ಎಲ್ಲೂ ನಿಲ್ಲಲಿಲ್ಲ. ಆ ಗಾಳಿಗೆ ಕಡ್ಡಿಪೆಟ್ಟಿಗೆ ಖಾಲಿಯಾಗ್ತಾ ಬಂತು. ಕೊನೆಗೆ ಹೋಗಿ ಆ ಒಲೆ ಮುಂದೆ ಕೂತೆ ನೋಡು, ಒಂದೇ ಕಡ್ಡಿಗೆ ಹತ್ಕೊಳ್ತು. ಹೊಗೆ ಕೂಡ ಕಣ್ಣಿಗೆ ಬರ್ಲಿಲ್ಲ. ಬಾಯಿ ಯಾವ ಕಡೆಗಿಡ್ಬೇಕು ಅಂತ ಚೆನ್ನಾಗಿ ಗೊತ್ತಿದ್ದೋರೇ ಕಟ್ಟಿದ್ರು."

ಬುಟ್ಟಿಯ ಮೇಲೆ ವಾಲಿದ್ದ ತಟ್ಟೆ ಹಾಗೇ ನಿಂತಿತು.

"ಯಾವ ಕಡೆ ಗಾಳಿ?" ಅಂದಳು. ದನಿಯಲ್ಲಿ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ.

"ಆಂ?"

"ಗಾಳಿ ಕಣೋ, ಗಾಳಿ! ಒಲೆಬಾಯಿ ನಿನ್ನ ನಕ್ಷೆಯಲ್ಲಿದೆ. ಗಾಳಿ ನೋಡ್ಕೊಂಡೇ ಕಟ್ಟಿದ್ರೆ, ಅವರು ಕೊನೆಗೆ ಅಲ್ಲಿದ್ದದ್ದು ಚಳಿಗಾಲದಲ್ಲೋ ಬೇಸಿಗೆಯಲ್ಲೋ ಅಂತಾದ್ರೂ ಗೊತ್ತಾಗುತ್ತೆ. ಅವತ್ತು ಗಾಳಿ ಎತ್ತಲಿಂದ ಬೀಸ್ತಿತ್ತು? ಅದನ್ನಾದ್ರೂ ನೆಟ್ಟಗೆ ಹೇಳು."

ತಮ್ಮ ಪ್ರಯೋಗಾಲಯದ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತ. ಕಣ್ಣು ಮುಚ್ಚಿ, ಇಲ್ಲದ ಬೆಂಕಿಗೆ ಎರಡೂ ಕೈ ಚಾಚಿ, ಆ ಚಳಿ ಎಲ್ಲಿ ತಾಗಿತ್ತೆಂದು ಬೆನ್ನನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹುಡುಕತೊಡಗಿದ.